ಸೈನ್ ಕೇಳೋರಿದ್ದಾರೆ, ಹೆಂಗಿದೀಯಮ್ಮ ಅಂತ ಕೇಳೋರಿಲ್ಲ

ಮಾನ್ಯ ಸಂಪಾದಕರೇ,

ಹೋದ ಅಡಿಕೆ ಸುಗ್ಗೀಲಿ ನಮ್ ಚಿಕ್ಕಮ್ಮನ ಮಗಳನ್ನ ಕರ್ಕೊಂಡು ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೋಗಿದ್ದೆ. ಎರಡನೇ ಮಗೂಗೆ ಇನ್ನೂ ಹನ್ನೊಂದು ತಿಂಗಳು, ಅಷ್ಟರಲ್ಲೇ ಮತ್ತೆ ಮುಟ್ಟು ನಿಂತಿತ್ತು, ಬೇಡ, ಗರ್ಭ ತೆಗೆಸೋದು ಅಂತ ಗಂಡ ಹೆಂಡ್ತಿ ಮಾತಾಡ್ಕೊಂಡಾಗಿತ್ತು, ಅವನಿಗೆ ಕೊನೆ ಕೊಯ್ಲು ಬಿಟ್ಟು ಬರೋಕಾಗದೆ ನಾನು ಹೋದೆ ಅಷ್ಟೆ. ಕೌಂಟರ್ ಮುಂದೆ ನಿಂತಿದ್ದೇ ತಡ "ಕ್ಲೀನ್ ಮಾಡ್ಸೋಕಾ? ಗಂಡ ಎಲ್ಲಿ, ಸೈನ್ ಬೇಕಲ್ಲ" ಅಂತ ಹಿಂದಿದ್ದ ಸಾಲಿಗೆಲ್ಲ ಕೇಳೋ ಹಂಗೆ ಕೂಗಿದ್ರು. ಆ ಸಾಲಲ್ಲಿ ನಮ್ಮ ಪಕ್ಕದೂರಿನವರೂ ಒಬ್ರಿದ್ರು.

ಮನೆಗೆ ಬಂದು ಮೊಬೈಲಲ್ಲಿ ಓದಿದ್ಮೇಲೆ ನಂಗೆ ಗೊತ್ತಾಗಿದ್ದು, 1971ರ ಎಂಟಿಪಿ ಕಾಯ್ದೆಯಲ್ಲಿ, ಅಂದ್ರೆ ಗರ್ಭಪಾತದ ಕಾಯ್ದೆಯಲ್ಲಿ, 18 ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕಂತೆ, ಗಂಡನ ಸೈನ್ ಎಲ್ಲೂ ಕೇಳಿಲ್ಲ. ಗುಟ್ಟು ಬಯಲು ಮಾಡಿದ್ರೆ ಒಂದು ವರ್ಷದ ತನಕ ಜೈಲು ಅಂತ 2021ರ ತಿದ್ದುಪಡೀಲಿ ಬೇರೆ ಇದೆ. 24 ವಾರದ ತನಕ ಗರ್ಭ ತೆಗೆಸೋ ಅವಕಾಶದಿಂದ ಮದುವೆ ಆಗದವರನ್ನ ಹೊರಗಿಡೋ ಹಂಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದನ್ನ ಕೌಂಟರಲ್ಲಿ ಕೂತವರಿಗೆ ಹೇಳೋರು ಯಾರು ಮಾರಾಯ್ರೆ?

ಮಾತ್ರೆ ಕೊಟ್ಟು, ಯಾವಾಗ ತಗೋಬೇಕು ಅಂತ ಹೇಳಿ ಕಳ್ಸಿದ್ರು. ರಕ್ತ ಎಷ್ಟು ಹೋದ್ರೆ ಸರಿ, ಎಷ್ಟಾದ್ರೆ ಓಡಿ ಬರ್ಬೇಕು ಅಂತ ಹೇಳ್ಲಿಲ್ಲ. ರಾತ್ರಿ ಎರಡು ಗಂಟೆಗೆ ಅವಳು ಫೋನ್ ಮಾಡಿ "ಅಕ್ಕ, ಇದು ಇಷ್ಟು ಹೋಗುತ್ತಾ?" ಅಂತ ಕೇಳಿದ್ಲು, ನಂಗೇನು ಗೊತ್ತು! ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯೋ ಹಂಗೆ ಎರಡು ಗಂಟೆ ಹೋದ್ರೆ ತಡ ಮಾಡಬಾರದು ಅನ್ನೋದು ಒಂದು ಚೀಟೀಲಿ ಬರೆದು ಕೊಡೋ ಮಾತು.

ಬಾಣಂತಿಗಾದ್ರೆ ಬಿಸಿನೀರು, ಕಷಾಯ, ಕೂತಲ್ಲಿಗೆ ಊಟ. ಇವಳು ಮೂರನೇ ದಿನಕ್ಕೆ ಅಡಿಕೆ ಸುಲಿಯೋಕೆ ಕೂತಿದ್ಲು. ಮಾತಿಲ್ಲ. ಅತ್ತೆ "ಆಯ್ತಲ್ಲ, ಇನ್ನೆಂತ" ಅಂದ್ರಂತೆ. ಅವಳಿಗೆ ಪಶ್ಚಾತ್ತಾಪ ಇರ್ಲಿಲ್ಲ, ಅದನ್ನ ಅವಳೇ ನಂಗೆ ಹೇಳಿದ್ಲು, "ಹಗುರ ಆಗಿದೆ ಅಕ್ಕ, ಆದ್ರೂ ಅಳು ಬರುತ್ತೆ, ಎರಡೂ ಒಟ್ಟಿಗೆ ಬರುತ್ತಾ?" ಅಂತ. ಬರುತ್ತೆ ಅಂತ ಹೇಳೋಕೆ ಆಸ್ಪತ್ರೇಲಿ ಒಂದು ಜೀವ ಬೇಡ್ವಾ?

ಎಚ್‌ಐವಿ ಟೆಸ್ಟಿಗೆ ಸರ್ಕಾರಿ ಆಸ್ಪತ್ರೇಲಿ ಕೌನ್ಸೆಲರ್ ಇರ್ತಾರೆ, ಮುಂಚೆನೂ ಕೂರ್ಸಿ ಮಾತಾಡ್ತಾರೆ, ರಿಪೋರ್ಟ್ ಬಂದ್ಮೇಲೂ ಮಾತಾಡ್ತಾರೆ. ಅದೇ ತರ ಇದಕ್ಕೂ ಬಾಗಿಲು ಹಾಕ್ಕೊಳ್ಳೋ ಒಂದು ಕೋಣೆ, ಕೇಳಿಸ್ಕೊಳ್ಳೋ ಒಬ್ರು ಹೆಂಗಸು ಸಿಗ್ಲಿ. ಆದ್ರೆ ಕೌನ್ಸೆಲಿಂಗ್ ಅಂತ ಹೇಳಿ "ಯೋಚ್ನೆ ಮಾಡಮ್ಮ, ಮಗು ದೇವರು ಕೊಟ್ಟಿದ್ದು" ಅಂತ ಶುರು ಮಾಡೋದಾದ್ರೆ ಬೇಡವೇ ಬೇಡ, ಇರೋ ಬಾಗಿಲುಗಳೇ ಸಾಕಷ್ಟಿವೆ, ದಾಟೋಕೆ ಇನ್ನೊಂದೆಂತಕ್ಕೆ? ಬೇಕು ಅಂದವರಿಗೆ ಸಿಗಬೇಕು, ಬೇಡ ಅಂದವರನ್ನ ಬಿಡಬೇಕು.

ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ರಾತ್ರಿನೂ ಸಿಗ್ತಾರೆ. ಆದ್ರೆ ನಮ್ಮ ಕಡೆ ನೆಟ್‌ವರ್ಕ್ ಬೇಕಂದ್ರೆ ಅಂಗಳದ ತುದಿಗೆ ಬರ್ಬೇಕು, ಸುಗ್ಗೀಲಿ ಅಲ್ಲೇ ಊರವರೆಲ್ಲ ಅಡಿಕೆ ಸುಲೀತಾ ಕೂತಿರ್ತಾರೆ.

ದಯವಿಟ್ಟು ಹೆಸರು ಹಾಕ್ಬೇಡಿ. ನಾನು ಯಾರು ಅಂತ ಗೊತ್ತಾದ್ರೆ ಅವಳು ಯಾರು ಅಂತ ನಮ್ಮೂರಲ್ಲಿ ಐದು ನಿಮಿಷಕ್ಕೆ ಲೆಕ್ಕ ಹಾಕ್ತಾರೆ.

– ಒಬ್ಬ ಓದುಗಿ, ಹೊಸನಗರ ತಾಲ್ಲೂಕು