ಎಚ್‌ಐವಿ ಸೋಂಕಿತರ ಕೇರ್ ಪ್ಲ್ಯಾನ್ ಇಂದಿನ ಬದುಕಿಗೆ ತಕ್ಕಂತಿರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿದ್ದು ನಿವೃತ್ತಳಾದವಳು. ಸೇವೆಯ ಕೊನೆಯ ವರ್ಷಗಳು ಎಆರ್‌ಟಿ, ಅಂದರೆ ಎಚ್‌ಐವಿ ವೈರಾಣುವನ್ನು ಹತ್ತಿಕ್ಕುವ ಔಷಧಿ, ಕೊಡುವ ಕೇಂದ್ರದಲ್ಲಿ ಕಳೆದವು. ಈಗ ಆಗಾಗ ನರ್ಸಿಂಗ್ ವಿದ್ಯಾರ್ಥಿಗಳ ಕೇಸ್ ಫೈಲ್ ತಿದ್ದಿಕೊಡುತ್ತೇನೆ. ಇತ್ತೀಚೆಗೆ ಕೈಗೆ ಬಂದ ಒಂದು ಫೈಲ್ ಈ ಪತ್ರಕ್ಕೆ ಕಾರಣ.

ರೋಗಿ ಮಧ್ಯವಯಸ್ಸಿನ ಮಹಿಳೆ. ಹಲವು ವರ್ಷಗಳಿಂದ ಎಚ್‌ಐವಿಗೆ ತಪ್ಪದೆ ಮಾತ್ರೆ ನುಂಗುತ್ತಿದ್ದಾರೆ. ಅವರ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿದೆ. ಅವರು ದಾಖಲಾದದ್ದು ಕಾಲಿನ ಹುಣ್ಣಿಗಾಗಿ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿತ್ತು. ವಿದ್ಯಾರ್ಥಿನಿ ಬರೆದ ಕೇರ್ ಪ್ಲ್ಯಾನ್‌ನಲ್ಲಿ, ಅಂದರೆ ರೋಗಿಯ ಸಮಸ್ಯೆಗಳನ್ನೂ ಮಾಡಬೇಕಾದ ಶುಶ್ರೂಷೆಯನ್ನೂ ಬರೆದಿಡುವ ಯೋಜನೆಯಲ್ಲಿ, ಇದ್ದ ಸಮಸ್ಯೆಗಳಾದರೋ 'ತೂಕ ಇಳಿಕೆ ಮತ್ತು ಪೌಷ್ಟಿಕಾಂಶದ ಕೊರತೆ', 'ಭೇದಿಯಿಂದ ನೀರಿನಂಶದ ಕೊರತೆ', 'ಸಾವಿನ ಭಯ'. ಆ ಮಹಿಳೆಗೆ ಭೇದಿ ಇರಲೇ ಇಲ್ಲ. ತೂಕ ಇರಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಅವರು ಹೆದರಿದ್ದು ಕಾಲು ಕತ್ತರಿಸಬೇಕಾದೀತೇನೋ ಎಂದು, ಪಕ್ಕದ ಹಾಸಿಗೆಯವರಿಗೆ ತಮ್ಮ ವಿಷಯ ಗೊತ್ತಾದೀತೇನೋ ಎಂದು. ಇವೆರಡರ ಬಗ್ಗೆ ಫೈಲ್‌ನಲ್ಲಿ ಒಂದಕ್ಷರವೂ ಇರಲಿಲ್ಲ.

ಆ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳು ಹಿರಿಯ ವಿದ್ಯಾರ್ಥಿಗಳ ಫೈಲ್ ನೋಡಿ ಬರೆದಿದ್ದಾಳೆ, ಅವರು ತಮಗಿಂತ ಹಿರಿಯರದನ್ನು ನೋಡಿ ಬರೆದಿದ್ದಾರೆ. ಹೀಗೆ ನಕಲಾಗುತ್ತಾ ಬಂದ ಆ ರೋಗಿ 1990ರ ದಶಕದ ರೋಗಿ. ಅಂಥವರನ್ನು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ: ಬಾಯಿತುಂಬ ಬಿಳಿ ಹುಣ್ಣು, ನಿಲ್ಲದ ಭೇದಿ, ಮೂಳೆಗೆ ಅಂಟಿದ ಚರ್ಮ. ಆಗ ನಮ್ಮ ಕೈಯಲ್ಲಿ ಔಷಧಿ ಇರಲಿಲ್ಲ. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಉಚಿತ ಎಆರ್‌ಟಿ ಆರಂಭವಾಯಿತು. 2017ರಿಂದ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣ) ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಮಾತ್ರೆ ಕೊಡಲಾಗುತ್ತಿದೆ. ಈಗ ಹೆಚ್ಚಿನವರು ನುಂಗುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಮೊದಲ ವರ್ಷಗಳಲ್ಲಿ ಚಿಕಿತ್ಸೆ ಆರಂಭಿಸಿದ ಎಷ್ಟೋ ಮಂದಿ ಇಂದು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರು ಆಸ್ಪತ್ರೆಗೆ ಬರುವುದು ರಕ್ತದೊತ್ತಡಕ್ಕೆ, ಮಂಡಿನೋವಿಗೆ, ಕಣ್ಣಿನ ಪೊರೆಗೆ. ದಾಖಲಾಗುವುದು ಸಾಮಾನ್ಯ ವಾರ್ಡಿಗೆ. ಅಲ್ಲಿನ ಸಿಸ್ಟರ್‌ಗಳಿಗೆ ಎಆರ್‌ಟಿ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ಎಆರ್‌ಟಿ ಮಾತ್ರೆ ವಾರ್ಡಿನ ಔಷಧಿ ಟ್ರಾಲಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರೋಗಿಯೇ ತನ್ನ ಡಬ್ಬಿ ತಂದುಕೊಳ್ಳಬೇಕು. ತುರ್ತಾಗಿ ದಾಖಲಾದವರು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ತಂದವರು ಯಾರಾದರೂ ನೋಡಿಯಾರು ಎಂದು ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟಿರುತ್ತಾರೆ. ಶಸ್ತ್ರಚಿಕಿತ್ಸೆಗೆಂದು 'ಬಾಯಿಗೆ ಏನೂ ಕೊಡಬಾರದು' ಎಂದು ಬರೆದ ಕೂಡಲೇ ಈ ಮಾತ್ರೆಯೂ ನಿಲ್ಲುತ್ತದೆ. ಒಂದು ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ವೈದ್ಯರನ್ನು ಕೇಳುವವರು ಅಪರೂಪ. ಹೆಪಟೈಟಿಸ್ ಬಿ ಕೂಡ ಇರುವವರಲ್ಲಿ ಇದು ಇನ್ನೂ ಅಪಾಯ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ವೈರಾಣುವನ್ನೂ ಹಿಡಿದಿಟ್ಟಿರುತ್ತವೆ. ಅವು ನಿಂತರೆ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು.

ಮಾತ್ರೆ ಕೊಟ್ಟರೂ ಸಾಲದು, ಯಾವುದರ ಜೊತೆ ಕೊಡುತ್ತೇವೆ ಎಂಬುದನ್ನು ನೋಡಬೇಕು. ನಮ್ಮ ವಾರ್ಡುಗಳಲ್ಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇಲ್ಲದ ಚೀಟಿ ವಿರಳ. ಖಾಲಿ ಹೊಟ್ಟೆಯಲ್ಲಿ ಇವುಗಳ ಜೊತೆ ಡೊಲುಟೆಗ್ರಾವಿರ್ ಕೊಟ್ಟರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡೊಲುಟೆಗ್ರಾವಿರನ್ನು ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಕೊಡಬೇಕು, ಇಲ್ಲವೇ ಎರಡನ್ನೂ ಊಟದ ಜೊತೆಗೆ ಕೊಡಬೇಕು. ಮೆಗ್ನೀಸಿಯಂ, ಅಲ್ಯುಮಿನಿಯಂ ಇರುವ ಆಸಿಡಿಟಿ ಔಷಧಿಗೆ ಊಟದ ವಿನಾಯಿತಿಯೂ ಇಲ್ಲ, ಅಂತರ ಇರಲೇಬೇಕು. ಡೊಲುಟೆಗ್ರಾವಿರ್ ರಕ್ತದಲ್ಲಿ ಸಕ್ಕರೆ ಕಾಯಿಲೆಯ ಔಷಧಿಯಾದ ಮೆಟ್‌ಫಾರ್ಮಿನ್ ಪ್ರಮಾಣವನ್ನು ಏರಿಸುತ್ತದೆ, ಆದ್ದರಿಂದ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ. ಮೀರಬಾರದು ಎಂಬ ಎಚ್ಚರಿಕೆ ಇದೆ. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ದಿನದ ಮಾತ್ರೆಯಾದ 12 ಗಂಟೆಯ ನಂತರ 50 ಮಿ.ಗ್ರಾಂ. ಡೊಲುಟೆಗ್ರಾವಿರ್ ಇನ್ನೊಂದು ಸಲ ಬೇಕು. ಔಷಧಿ ಬರೆಯುವವರು ವೈದ್ಯರು ನಿಜ, ಆದರೆ ಯಾವ ಹೊತ್ತಿಗೆ ಯಾವುದು ರೋಗಿಯ ಬಾಯಿಗೆ ಹೋಗುತ್ತದೆ ಎಂಬುದು ನರ್ಸ್ ಕೈಯಲ್ಲಿದೆ. ಕೇರ್ ಪ್ಲ್ಯಾನ್‌ನಲ್ಲಿ ಮೊದಲು ಬರೆಯಬೇಕಾದದ್ದು ಇದನ್ನು.

ಇನ್ನು ಗುಟ್ಟಿನ ಮಾತು. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು, ಮೂಲೆಯ ಹಾಸಿಗೆಗೆ ಸಾಗಿಸುವುದು, ಡ್ಯೂಟಿ ಬದಲಾಗುವಾಗ ಹಾಸಿಗೆಯ ಪಕ್ಕದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುವುದು ಇನ್ನೂ ನಿಂತಿಲ್ಲ ಎಂದು ನೋವಿನಿಂದ ಹೇಳುತ್ತೇನೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆಯಲ್ಲಿ ತೊಡಗಿರುವ ಆರೋಗ್ಯ ಸಿಬ್ಬಂದಿ ಅಗತ್ಯವಿದ್ದಾಗ ಪರಸ್ಪರ ಮಾಹಿತಿ ಹಂಚಿಕೊಳ್ಳಲು ಅದರಲ್ಲಿ ಅವಕಾಶವಿದೆ. ರೋಗಿಯ ಒಪ್ಪಿಗೆ ಇಲ್ಲದೆ ಸಂಬಂಧಿಕರಿಗೋ ಪಕ್ಕದ ಹಾಸಿಗೆಯವರಿಗೋ ತಿಳಿಯುವಂತೆ ನಡೆದುಕೊಳ್ಳಲು ಅವಕಾಶವಿಲ್ಲ. ಸಿಬ್ಬಂದಿಯ ಹೆದರಿಕೆಯೂ ನನಗೆ ಅರ್ಥವಾಗುತ್ತದೆ, ಅದಕ್ಕೆ ಉತ್ತರ ಕೊಡಲೇಬೇಕು. ಸೋಂಕಿನ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಕೂಡಲೇ, ತಡವೆಂದರೆ 72 ಗಂಟೆಯೊಳಗೆ, ತಡೆ ಔಷಧಿ ಆರಂಭಿಸಿ 28 ದಿನ ತೆಗೆದುಕೊಂಡರೆ ಅದೂ ಬಹಳ ತಗ್ಗುತ್ತದೆ. ರಕ್ತ ಮುಟ್ಟುವಾಗ ಗ್ಲೌಸ್ ಹಾಕಬೇಕಾದದ್ದು ಎಲ್ಲ ರೋಗಿಗಳಿಗೂ, ಏಕೆಂದರೆ ಪರೀಕ್ಷೆಯೇ ಆಗಿರದ ಸೋಂಕು ಯಾರಲ್ಲಿದೆ ಎಂದು ನಮಗೆ ಗೊತ್ತಿರುವುದಿಲ್ಲ. ವೈರಲ್ ಲೋಡ್ (ರಕ್ತದಲ್ಲಿನ ವೈರಾಣುವಿನ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಈ ಮಾತನ್ನು ಸಿಸ್ಟರ್ ಬಾಯಿಂದ ಕೇಳಿ, ಗಂಡನ ಕೈ ಹಿಡಿದು ಅತ್ತ ಹೆಂಗಸರನ್ನು ನಾನು ನೋಡಿದ್ದೇನೆ.

ಯೋಜನೆಯನ್ನು ರೋಗಿಯ ಜೊತೆ ಕುಳಿತು ಬರೆಯಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ನಮ್ಮ ಭಾಗದಿಂದ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರು, ಮಹಾರಾಷ್ಟ್ರಕ್ಕೆ ಹೋಗುವವರಿದ್ದಾರೆ. ಅಂಥವರ ಡಿಸ್ಚಾರ್ಜ್ ಕಾರ್ಡಿನಲ್ಲಿ 'ಎಆರ್‌ಟಿ ಮುಂದುವರಿಸಿ' ಎಂದಷ್ಟೇ ಬರೆದರೆ ಆಗುವುದೇನು? ಯಾವ ತಿಂಗಳು ಊರು ಬಿಡುತ್ತಾರೆ, ಗುಡಿಸಲಿನಲ್ಲಿ ಡಬ್ಬಿ ಎಲ್ಲಿಡುತ್ತಾರೆ, ಮನೆಯಲ್ಲಿ ಯಾರಿಗೆ ವಿಷಯ ಗೊತ್ತಿದೆ ಎಂದು ಕೇಳಿದರೆ ಮಾತ್ರ ದಾರಿ ಕಾಣುತ್ತದೆ. ಆರೋಗ್ಯ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗಬಹುದು, ಹೋದ ಊರಿನ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು. ಹೆಂಗಸರ ವಿಷಯದಲ್ಲಿ ಇನ್ನೊಂದು ಪ್ರಶ್ನೆ ತಪ್ಪಲೇಬಾರದು: ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಆಗಿದೆಯೇ? ಎಚ್‌ಐವಿ ಇರುವ ಮಹಿಳೆಯರಲ್ಲಿ ಆ ಅಪಾಯ ಉಳಿದವರಿಗಿಂತ ಆರು ಪಟ್ಟು. ಬೇರೆ ಕಾಯಿಲೆಗೆ ದಾಖಲಾದಾಗ ತಪಾಸಣೆಯನ್ನೂ ಮುಗಿಸಿ ಕಳುಹಿಸಿದರೆ ಅವರಿಗೆ ಒಂದು ದಿನದ ಕೂಲಿ ಉಳಿಯುತ್ತದೆ.

ಒಬ್ಬ ಸಿಸ್ಟರ್ ಇಡೀ ವಾರ್ಡು ನೋಡಿಕೊಳ್ಳುವ ರಾತ್ರಿ ಪಾಳಿಯಲ್ಲಿ ಇದಕ್ಕೆಲ್ಲ ಹೊತ್ತೆಲ್ಲಿ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಖಾಲಿ ಹುದ್ದೆಗಳನ್ನು ಸರ್ಕಾರ ತುಂಬಲೇಬೇಕು. ಆದರೆ ನಕಲು ಮಾಡಿದ ಆ ನಾಲ್ಕು ಪುಟಗಳಿಗೂ ಹೊತ್ತು ಹೋಗುತ್ತಲೇ ಇದೆ. ಅದರ ಬದಲು ಕನ್ನಡದಲ್ಲಿ ಒಂದೇ ಹಾಳೆ ಸಾಕು: ಮಾತ್ರೆಯ ಹೆಸರು ಮತ್ತು ಹೊತ್ತು, ಜೊತೆಗೆ ಕೊಡಬಾರದ ಔಷಧಿಗಳು, ಕೊನೆಯ ವೈರಲ್ ಲೋಡ್, ಸಕ್ಕರೆ, ರಕ್ತದೊತ್ತಡ, ಟೆನೊಫೊವಿರ್ ಕಾರಣಕ್ಕೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಾರಿಗೆ ತಿಳಿಸಬಹುದು, ಮನೆಗೆ ಹೋದ ಮೇಲೆ ಯಾವ ಕೇಂದ್ರ. ಆ ಹಾಳೆ ಕೇಸ್ ಶೀಟಿನ ಒಳಗಿರಲಿ, ಹಾಸಿಗೆಯ ಕಾಲಿಗೆ ತೂಗುಹಾಕುವುದು ಬೇಡ.

ಆರೋಗ್ಯ ಇಲಾಖೆ ಇಂಥ ಹಾಳೆಯನ್ನು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಮುದ್ರಿಸಿ ಕೊಡಬೇಕು. ಸಾಮಾನ್ಯ ವಾರ್ಡಿನ ಪ್ರತಿಯೊಬ್ಬ ಶುಶ್ರೂಷಾಧಿಕಾರಿಯೂ ಕೆಲವು ದಿನ ಎಆರ್‌ಟಿ ಕೇಂದ್ರದಲ್ಲಿ ಕುಳಿತು ಕೆಲಸ ಕಲಿಯಲು ಆದೇಶ ಹೊರಡಿಸಬೇಕು. ನರ್ಸಿಂಗ್ ಶಾಲೆಗಳ ಬೋಧಕರಲ್ಲಿ ನನ್ನ ವಿನಂತಿ: ಕೇರ್ ಪ್ಲ್ಯಾನ್‌ಗೆ ಅಂಕ ಕೊಡುವ ಮೊದಲು ವಿದ್ಯಾರ್ಥಿಯ ಜೊತೆ ಆ ಹಾಸಿಗೆಯವರೆಗೆ ನಡೆದು ಹೋಗಿ, ಬರೆದದ್ದು ಅಲ್ಲಿ ಮಲಗಿರುವವರಿಗೆ ಹೊಂದುತ್ತದೆಯೇ ನೋಡಿ.

ಈ ಪತ್ರವನ್ನು ಓದುತ್ತಿರುವ, ಮಾತ್ರೆ ತೆಗೆದುಕೊಳ್ಳುತ್ತಿರುವ ಅಣ್ಣಂದಿರು, ಅಕ್ಕಂದಿರಿಗೂ ಒಂದು ಮಾತು. ಯಾವ ಕಾಯಿಲೆಗೇ ದಾಖಲಾಗಲಿ, ನಿಮ್ಮ ಡಬ್ಬಿ ಮತ್ತು ಎಆರ್‌ಟಿ ಪುಸ್ತಕ ಜೊತೆಗೆ ತನ್ನಿ. ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಸಿಸ್ಟರ್‌ಗೆ ಕೊಡಿ, ದಿನಾ ಎಷ್ಟು ಹೊತ್ತಿಗೆ ನುಂಗುತ್ತೀರಿ ಎಂದು ಹೇಳಿ. ಎರಡನೆಯ ದಿನವೂ ಮಾತ್ರೆ ಬರದಿದ್ದರೆ ಸುಮ್ಮನಿರಬೇಡಿ, ವೈದ್ಯರನ್ನೇ ಕೇಳಿ ಅಥವಾ ನಿಮ್ಮ ಕೇಂದ್ರದ ಆಪ್ತಸಮಾಲೋಚಕರಿಗೆ ಫೋನ್ ಮಾಡಿ. ರಾಷ್ಟ್ರೀಯ ಸಹಾಯವಾಣಿ 1097 ಉಚಿತ.

– ನಿವೃತ್ತ ಶುಶ್ರೂಷಾಧಿಕಾರಿ, ಬಾಗಲಕೋಟೆ ಜಿಲ್ಲೆ