ಸ್ಟಾರ್ಟ್ ಆಯ್ತು ಅಂದ್ರೆ ಎಂಜಿನ್ ಚೆನ್ನಾಗಿದೆ ಅಂತಲ್ಲ

ಮಾನ್ಯ ಸಂಪಾದಕರೇ,

ಕಾರಿನ ಎಂಜಿನ್ ಆಯಿಲ್ ಮನೆಯಲ್ಲೇ ಬದಲಾಯಿಸಿಕೊಳ್ಳಿ, ಅದೇನು ಮಹಾ ಕೆಲಸ ಅಲ್ಲ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಮಹಾ ಕೆಲಸ ಅಲ್ಲ, ನಿಜ. ನಾನೂ ಎಷ್ಟೋ ವರ್ಷದಿಂದ ಮಾಡುತ್ತಾ ಬಂದಿದ್ದೇನೆ. ಆದರೆ ಎಲ್ಲೋ ಎಡವಿದರೆ ಎಂಜಿನ್ನಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಅಂತ ಹೇಗೆ ನೋಡೋದು? ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ಹಳೇ ಆಯಿಲ್ ಫಿಲ್ಟರ್ ಬಿಚ್ಚಿದೆ, ಹೊಸದರ ರಬ್ಬರ್ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿದೆ, ಕೈಯಲ್ಲೇ ತಿರುಗಿಸಿ ಕೂರಿಸಿದೆ. ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ. ಆದರೆ ಹಳೇ ಫಿಲ್ಟರಿನ ರಿಂಗ್ ಅದರ ಜೊತೆ ಬಂದಿರಲಿಲ್ಲ, ಎಂಜಿನ್ನಿಗೇ ಅಂಟಿಕೊಂಡು ಕೂತಿತ್ತು. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್, ಮೇಲೆ ಆಯಿಲ್ ಬೇರೆ, ಬೆರಳು ಆಡಿಸದಿದ್ದರೆ ಗೊತ್ತೇ ಆಗಲ್ಲ. ಅದರ ಮೇಲೆ ಹೊಸ ರಿಂಗ್ ಕೂತಿತು. ನಿಂತಲ್ಲೇ ಸ್ಟಾರ್ಟ್ ಮಾಡಿ ಬಗ್ಗಿ ನೋಡಿದಾಗ ಒಂದು ಹನಿಯೂ ಸೋರಲಿಲ್ಲ. ರಸ್ತೆಗಿಳಿದು ಸ್ವಲ್ಪ ಜೋರಾಗಿ ಓಡಿಸಿದೆ ನೋಡಿ, ಆಯಿಲ್ ಪ್ರೆಶರ್ ಏರಿತು, ಎರಡು ರಿಂಗಲ್ಲಿ ಒಂದು ಜಾರಿತು. ಕನ್ನಡಿಯಲ್ಲಿ ನೋಡಿದರೆ ರಸ್ತೆಯುದ್ದಕ್ಕೂ ಒದ್ದೆ ಗೆರೆ. ಕೆಂಪು ದೀಪ ಹತ್ತಿತು. ಮುಂದಿನ ತಿರುವಿನಲ್ಲಿ ನೆರಳಿದೆ, ಅಲ್ಲಿ ನಿಲ್ಲಿಸೋಣ ಅಂದುಕೊಂಡೆ.

ರಿಂಗಿಗಿಂತ ದೊಡ್ಡ ತಪ್ಪು ಆ ನೆರಳಿನ ಆಸೆ. ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ‘ಆಯಿಲ್ ಕಮ್ಮಿ ಇದೆ, ಬಿಡುವಾದಾಗ ಹಾಕಿ’ ಅಂತ ಹೇಳೋದಲ್ಲ. ಪ್ರೆಶರ್ ಬಿದ್ದಿದೆ ಅಂತ ಹೇಳೋದು. ಬೇರಿಂಗಿಗೂ ಅದರಲ್ಲಿ ತಿರುಗುವ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್‌ಶಾಫ್ಟಿಗೂ ನಡುವೆ ಆಯಿಲಿನ ತೆಳು ಪದರ ಇರುತ್ತದಲ್ಲ, ಅದು ನಿಲ್ಲೋದೇ ಪ್ರೆಶರಿನಲ್ಲಿ ಬರುವ ಆಯಿಲಿನಿಂದ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಆ ದೀಪ ಕಂಡ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಬೇಕು.

ಆಮೇಲೆ ರಿಂಗ್ ಕಿತ್ತು, ಫಿಲ್ಟರ್ ಸರಿಯಾಗಿ ಕೂರಿಸಿ, ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದೆ. ಆಯ್ತು! ದೀಪವೂ ಆರಿತು. ಬದುಕಿದೆ ಅಂದುಕೊಂಡೆ. ಮೆಕ್ಯಾನಿಕ್ ಒಬ್ಬರು ಅರ್ಧ ನಿಮಿಷ ಸದ್ದು ಕೇಳಿ, ಒಂದು ನಟ್ಟೂ ಬಿಚ್ಚದೆ, ಎಂಜಿನ್ ಇಳಿಸಿ ಬಿಚ್ಚಲೇಬೇಕು ಅಂದರು. ಈಗ ಯೋಚಿಸಿದರೆ ಇಬ್ಬರದೂ ಒಂದೇ ತಪ್ಪು. ಇಬ್ಬರೂ ಏನನ್ನೂ ನೋಡಿರಲಿಲ್ಲ.

ಸದ್ದಿನಿಂದ ಸ್ವಲ್ಪ ಗೊತ್ತಾಗುತ್ತದೆ, ಇಲ್ಲ ಅನ್ನಲ್ಲ. ಮೇಲ್ಗಡೆಯಿಂದ ಸಣ್ಣಗೆ ಟಿಕ್ ಟಿಕ್ ಅಂದರೆ ಹೆಚ್ಚಾಗಿ ವಾಲ್ವ್ ಒತ್ತುವ ಟ್ಯಾಪೆಟ್ ಕಡೆಯದು. ತಳದಿಂದ ದಪ್ಪಗೆ ಟಕ್ ಟಕ್ ಅಂದು, ರೇಸ್ ಕೊಟ್ಟಾಗ ಜಾಸ್ತಿಯಾದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿರಬಹುದು, ಆಗ ಎಂಜಿನ್ ಆರಿಸಿ ಟೋ ಮಾಡಿಸಿ. ಸದ್ದು ಇಲ್ಲದಿದ್ದರೆ ಮುಂದಿನದು ಪ್ರೆಶರ್ ಅಳೆಯುವ ಗೇಜ್. ಆ ಕೆಂಪು ದೀಪ ಹತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗದಲ್ಲಿ ಗೇಜ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓದಬೇಕು. ತಣ್ಣಗಿರುವಾಗ ಆಯಿಲ್ ಮಂದ, ಸವೆದ ಎಂಜಿನ್ ಕೂಡ ಒಳ್ಳೇ ಪ್ರೆಶರ್ ತೋರಿಸಿಬಿಡುತ್ತದೆ. ಬಿಸಿಯಲ್ಲಿ, ರೇಸ್ ಕೊಡದೆ ಐಡಲ್‌ನಲ್ಲಿ ಬಿಟ್ಟಾಗ 1 ಬಾರ್ (ಪ್ರೆಶರಿನ ಅಳತೆ) ಆಸುಪಾಸು, 3000 ಆರ್‌ಪಿಎಂನಲ್ಲಿ 3 ಬಾರ್ ಆಸುಪಾಸು ಅನೇಕ ಕಾರುಗಳಲ್ಲಿ ಬರುತ್ತದೆ, ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ: ಫಿಲ್ಟರ್ ಕೊಯ್ದು ನೋಡೋದು. ಹ್ಯಾಕ್ಸಾದಲ್ಲಿ ಕೊಯ್ಯಬೇಡಿ, ಅದರದ್ದೇ ಕಬ್ಬಿಣದ ಪುಡಿ ಒಳಗೆ ಬಿದ್ದು ಸುಮ್ನೆ ಹೆದರಿಸುತ್ತದೆ. ಫಿಲ್ಟರ್ ಕಟರ್ ಸಿಗುತ್ತದೆ. ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಆಯಿಲ್ ಹಿಂಡಿ, ಬಿಸಿಲಿಗೆ ಹಿಡಿದು ಓರೆ ಮಾಡಿ. ಲೋಹದ ಚೂರಿದ್ದರೆ ಮಿನುಗುತ್ತದೆ. ಆಯಸ್ಕಾಂತಕ್ಕೆ ಏನೂ ಅಂಟಲಿಲ್ಲ ಅಂತ ಸಮಾಧಾನ ಪಡಬೇಡಿ, ಬೇರಿಂಗಿನ ತಾಮ್ರ, ತವರ, ಅಲ್ಯೂಮಿನಿಯಂ ಅದಕ್ಕೆ ಅಂಟಲ್ಲ. ನನ್ನ ಫಿಲ್ಟರಲ್ಲಿ ನಾಲ್ಕೈದು ಮಿನುಗು ಕಂಡವು, ಪ್ರೆಶರ್ ಸರಿ ಇತ್ತು. 200 ಕಿಲೋಮೀಟರ್ ಮೆಲ್ಲಗೆ ಓಡಿಸಿ ಮತ್ತೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ ಕೊಯ್ದು ನೋಡಿದೆ. ಕಾಗದ ಸ್ವಚ್ಛ. ಎಂಜಿನ್ ಇಳಿಸಲಿಲ್ಲ, ಕಾರು ಇವತ್ತಿಗೂ ಓಡುತ್ತಿದೆ. ಎರಡನೇ ಫಿಲ್ಟರಲ್ಲೂ ಮಿನುಗು ಇದ್ದಿದ್ದರೆ ಎಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಿ ಬೇರಿಂಗ್ ನೋಡಲೇಬೇಕಿತ್ತು. ಅಂದ ಹಾಗೆ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ ಎಲ್ಲ ಸರಿ ಇದೆ ಅನ್ನೋರು ಇದ್ದಾರೆ. ಅದು ಪಿಸ್ಟನ್ ರಿಂಗ್, ವಾಲ್ವ್ ಕಥೆ ಹೇಳುತ್ತದೆ. ಬೇರಿಂಗ್ ವಿಷಯ ಅದಕ್ಕೆ ಗೊತ್ತಿಲ್ಲ.

ಉಳಿದ ತಪ್ಪುಗಳಲ್ಲಿ ನನಗೆ ನಗುವೂ ಅಳುವೂ ಒಟ್ಟಿಗೆ ಬರೋದು ಒಂದಕ್ಕೆ. ಕೆಲವು ಕಾರುಗಳ ಕೆಳಗೆ ಆಯಿಲ್ ಇಳಿಸುವ ಎರಡು ಡ್ರೈನ್ ಬೋಲ್ಟ್ ಕಾಣುತ್ತವೆ. ಎಂಜಿನ್ನಿನದು ಅಂತ ಗೇರ್‌ಬಾಕ್ಸಿನದು ಬಿಚ್ಚಿ, ಅಲ್ಲಿಯ ಆಯಿಲ್ ಪೂರ್ತಿ ಇಳಿಸಿ, ತುಂಬಿದ ಎಂಜಿನ್ನಿಗೆ ಇನ್ನೂ 4 ಲೀಟರ್ ಸುರಿಯುತ್ತಾರೆ. ಗೇರ್‌ಬಾಕ್ಸ್ ಖಾಲಿ, ಎಂಜಿನ್ ಎರಡು ಪಟ್ಟು! ಜಾಸ್ತಿ ಆಯಿಲ್ ಒಳ್ಳೇದೇ ಅಲ್ವಾ ಅನ್ನಬೇಡಿ. ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿ ಪ್ರೆಶರ್ ನಿಲ್ಲಲ್ಲ, ಸೀಲ್ ಸೋರುತ್ತದೆ, ಹೊಗೆ ಬರುತ್ತದೆ. ಸ್ಟಾರ್ಟ್ ಮಾಡುವ ಮೊದಲೇ ಗೊತ್ತಾದರೆ ಎರಡನ್ನೂ ಸರಿ ಮಾಡಿಕೊಂಡು ಸುಮ್ಮನಿರಬಹುದು, ಏನೂ ಕೆಟ್ಟಿರಲ್ಲ. ಹಾಗಾಗಿ ಬಿಚ್ಚುವ ಮೊದಲೂ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ, ಇಳಿಸಿದ ಮೇಲೂ ನೋಡಿ. ಆಯಿಲ್ ಇಳಿಸಿದ ಮೇಲೂ ಕಡ್ಡಿ ಒದ್ದೆಯಾಗಿ ಫುಲ್ ತೋರಿಸಿದರೆ ಬೇರೆ ಬೋಲ್ಟ್ ಬಿಚ್ಚಿದ್ದೀರಿ ಅಂತ ಅರ್ಥ.

ಡ್ರೈನ್ ಬೋಲ್ಟನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಿಗಿಯಬೇಡಿ, ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತು ಬರುತ್ತದೆ. ವಾಷರ್ ಹೊಸದು ಹಾಕಿ. ಬೈಕಿಗೆ ಉಳಿದ ಕಾರ್ ಆಯಿಲ್ ಸುರಿಯಬೇಡಿ, ಬಹಳಷ್ಟು ಬೈಕುಗಳ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರ್ ಆಯಿಲಿಗೆ ಅದು ಜಾರಬಹುದು, ಡಬ್ಬಿಯ ಮೇಲೆ ಇಂಥ ಬೈಕ್ ಆಯಿಲಿನ ಜಪಾನಿ ಗುರುತು ಜಾಸೊ ಎಂಎ ಅಥವಾ ಎಂಎ2 ಅಂತ ಇರಬೇಕು.

ಒಂದು ಕೋರಿಕೆ. ಮುಂದಿನ ಸಲ ಇಂಥ ಬರಹ ಹಾಕುವಾಗ ಹೊಸ ಕಾರಿನ ಹೊಳೆಯುವ ಫೋಟೋ ಬದಲು ಫಿಲ್ಟರ್ ಕೂರುವ ಜಾಗದ ಎರಡು ಫೋಟೋ ಹಾಕಿ: ಹಳೇ ರಿಂಗ್ ಅಂಟಿಕೊಂಡಿರೋದು ಒಂದು, ಕಿತ್ತ ಮೇಲಿನದು ಇನ್ನೊಂದು. ಪಕ್ಕಪಕ್ಕ.

ಇತಿ,
ನಿಮ್ಮ ಓದುಗ