ಅಡವಿಗೆ ಬೀಗ ಹಾಕುವ ಮೊದಲು ಸಸಿ ಎಣಿಸಿ

ಸಂಪಾದಕರಿಗೆ,

ನಮಸ್ಕಾರ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳ ಸಮೇತ ವಿಷಕ್ಕೆ ಬಲಿಯಾಯಿತು. ಮುಂದಿನ ತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ರಾಜ್ಯದ ಕಾಡುಗಳಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಹುಲಿ ಸತ್ತದ್ದು ರಾಜ್ಯದ ಆ ತುದಿಯಲ್ಲಿ. ಆದರೆ ಆ ಮಾತು ಈ ತುದಿಯ ನಮ್ಮ ಚಿಂಚೋಳಿ ತಾಂಡಾಗಳ ಕಟ್ಟೆಗೂ ಬಂದು ಕೂತಿದೆ. ‘ಆಡು ಹೊಕ್ಕ ಅಡವಿ ಉಳಿಯೋದಿಲ್ಲ’ ಎಂದು ಒಬ್ಬರು, ‘ಅಜ್ಜನ ಕಾಲದಿಂದ ಮೇಯಿಸೀವಿ, ಅಡವಿ ಎಲ್ಲಿಗೆ ಹೋಗೇದ?’ ಎಂದು ಇನ್ನೊಬ್ಬರು. ಇಬ್ಬರ ಮಾತನ್ನೂ ನಾನು ಕೇಳುತ್ತಲೇ ಬಂದಿದ್ದೇನೆ. ನೆಲದ ಮೇಲೆ ಕೂತು ಎಣಿಸಿ ಹೇಳಿದವರನ್ನು ಮಾತ್ರ ಇಬ್ಬರಲ್ಲೂ ಕಾಣಲಿಲ್ಲ.

ನಾನು ಈ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನಮ್ಮಪ್ಪ ಆಡು ಸಾಕಿಯೇ ನಮ್ಮನ್ನು ಓದಿಸಿದರು. ಹಾಗಾಗಿ ಈ ಜಗಳದಲ್ಲಿ ನನಗೆ ಎರಡೂ ಕಡೆಯ ಋಣ ಇದೆ.

2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಧಾಮದ ವಿಸ್ತೀರ್ಣ 134.88 ಚದರ ಕಿಲೋಮೀಟರ್. ಇಡೀ ಕಲ್ಯಾಣ ಕರ್ನಾಟಕದ ಬಿಸಿಲಿಗೆ ಇದೊಂದು ನೆರಳು. ತೋಳ, ಕತ್ತೆಕಿರುಬ, ಕೊಂಡಗುರಿ (ನಾಲ್ಕು ಕೊಂಬಿನ ಹುಲ್ಲೆ) ಇರುವ ಈ ಅಡವಿಯ ಆರೋಗ್ಯವನ್ನು ಅಳೆಯುವುದು ಹೇಗೆ? ಉಪಗ್ರಹದ ಚಿತ್ರ ನೋಡಿ ಹಸಿರು ಹೆಚ್ಚಾಯಿತು, ಕಡಿಮೆಯಾಯಿತು ಎನ್ನುತ್ತೇವೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ. ಆ ನೆರಳಿನ ಕೆಳಗೆ ಏನು ಹುಟ್ಟುತ್ತಿದೆ, ಏನು ಹುಟ್ಟದೆ ಹೋಗಿದೆ ಎಂಬುದು ಆ ಲೆಕ್ಕಕ್ಕೆ ಸಿಗುವುದಿಲ್ಲ. ದುಡಿಯುವ ಮಂದಿಯೆಲ್ಲ ಮುಂಬೈ, ಪುಣೆಗೆ ಗುಳೆ ಹೋದ ಮೇಲೆ ಮುದುಕರಷ್ಟೇ ಉಳಿದ ತಾಂಡಾವನ್ನು ಓದುಗರು ನೋಡಿರುತ್ತೀರಿ. ಮನೆ ಎಣಿಸಿದರೆ ಊರು ಸರಿಯಾಗಿಯೇ ಇದೆ. ದೊಡ್ಡ ಮರಗಳಿದ್ದೂ ಎಳೆ ಸಸಿಗಳಿಲ್ಲದ ಅಡವಿ ಅಂಥದ್ದು.

ಮಳೆಗಾಲದಲ್ಲಿ ಮಕ್ಕಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಗೂಟ ಬಡಿದು, ಹಗ್ಗದಿಂದ ಒಂದು ಮೀಟರ್ ಚೌಕ ಮಾಡಿ ಒಳಗಿನ ಗಿಡ ಎಣಿಸಲು ಕೂರಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಕೇಳಿದಳು: ‘ಸರ್, ಈ ಚೌಕದಾಗೂ ಐದು ಜಾತಿ, ಆ ಚೌಕದಾಗೂ ಐದು. ಅಂದರ ಎರಡೂ ಒಂದೇ ಏನ್ರಿ?’ ಜೀವವೈವಿಧ್ಯ ಅಳೆಯುವವರೆಲ್ಲ ಎದುರಿಸುವ ಪ್ರಶ್ನೆಯೇ ಅದು. ಒಂದು ಚೌಕದಲ್ಲಿ ನೂರು ಗಿಡ, ಐದು ಜಾತಿಯವು ತಲಾ ಇಪ್ಪತ್ತು ಎಂದುಕೊಳ್ಳಿ. ಇನ್ನೊಂದರಲ್ಲೂ ನೂರೇ ಗಿಡ, ಐದೇ ಜಾತಿ. ಆದರೆ ತೊಂಬತ್ತಾರು ಬರೀ ತಗಚಿ ಎಂಬ ಕಳೆ, ಉಳಿದ ನಾಲ್ಕು ಜಾತಿ ಒಂದೊಂದು. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ದೂರಸಂಪರ್ಕದ ಲೆಕ್ಕಕ್ಕೆಂದು ಕೊಟ್ಟ ಸೂತ್ರವನ್ನೇ ಸಸ್ಯವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ. ಆ ಸೂತ್ರ ಹಾಕಿದರೆ ಮೊದಲ ಚೌಕಕ್ಕೆ 1.61 ಬರುತ್ತದೆ, ಎರಡನೆಯದಕ್ಕೆ 0.22. ಸಂಖ್ಯೆ ದೊಡ್ಡದಾದಷ್ಟೂ ವೈವಿಧ್ಯ ಹೆಚ್ಚು ಎಂದರ್ಥ. ಜಾತಿ ಎಷ್ಟು ಎಂಬುದರ ಜೊತೆಗೆ ಯಾವ ಜಾತಿಯ ಪಾಲು ಎಷ್ಟು ಎಂದೂ ಕೇಳಬೇಕು.

ಅಷ್ಟಕ್ಕೇ ನಿಂತರೂ ಮೋಸ ಹೋಗುತ್ತೇವೆ. ಸೂತ್ರಕ್ಕೆ ಗಿಡದ ಹೆಸರು ಗೊತ್ತಿಲ್ಲ. ದನಗಳು ಮೇದಷ್ಟೂ ಒಳ್ಳೆಯ ಹುಲ್ಲು ಸವೆದು, ಅವು ಬಾಯಿ ಹಾಕದ ತಗಚಿ, ಕಾಂಗ್ರೆಸ್ ಕಸ, ಲಂಟಾನ ಆ ಜಾಗ ಹಿಡಿಯುತ್ತವೆ. ಜಾತಿಗಳ ಸಂಖ್ಯೆ ಅಷ್ಟೇ ಉಳಿದು ಅಡವಿಯೇ ಬೇರೆಯಾಗಿರಬಹುದು. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಆಡು ಮುಟ್ಟದ ಸೊಪ್ಪು ಯಾವುದು ಎಂದು ಆಡು ಕಾಯುವವನನ್ನು ಕೇಳಿ, ನಿಂತಲ್ಲೇ ಪಟ್ಟಿ ಕೊಡುತ್ತಾನೆ. ಎಣಿಸುವ ಕೆಲಸಕ್ಕೆ ಅವನು ಬೇಕೇ ಬೇಕು.

ದನ, ಕುರಿ, ಆಡನ್ನು ಒಂದೇ ಆದೇಶದಲ್ಲಿ ಕಟ್ಟಿಹಾಕುವುದೂ ನನಗೆ ಸರಿ ಕಾಣುವುದಿಲ್ಲ. ದನ ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕೀಳುತ್ತದೆ. ತೀರ ಗಿಡ್ಡ ಹುಲ್ಲು ಅದರ ಬಾಯಿಗೆ ಸಿಗುವುದಿಲ್ಲ. ಕುರಿ ನೆಲಕ್ಕೆ ಹತ್ತಿ ಕತ್ತರಿಸುತ್ತದೆ. ಆಡು ತಲೆ ಎತ್ತಿ ನೋಡುವ ಪ್ರಾಣಿ; ಹಿಂಗಾಲ ಮೇಲೆ ನಿಂತು ಚಿಗುರು ಮುರಿಯುತ್ತದೆ. ಮೂರರ ಪೆಟ್ಟು ಬೀಳುವುದು ಬೇರೆ ಬೇರೆ ಗಿಡಗಳ ಮೇಲೆ, ಬೇರೆ ಬೇರೆ ಎತ್ತರದಲ್ಲಿ.

ಚಂದ್ರಂಪಳ್ಳಿ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ನಾನು ವರ್ಷಗಟ್ಟಲೆ ನೋಡಿದ ಒಂದು ಬಾರೆ (ಎಲಚಿ) ಮುಳ್ಳುಕಂಟಿ ಇದೆ. ಆಡುಗಳು ಸುತ್ತಲೂ ಕಡಿದು ಕಡಿದು ಅದು ಬೋರಲು ಹಾಕಿದ ಬುಟ್ಟಿಯಂತೆ ಗುಂಡಗಾಗಿತ್ತು. ಎತ್ತರ ಬೆಳೆಯಲಾಗದೆ ಅಗಲಕ್ಕೆ ಬೆಳೆಯಿತು. ಅಗಲವಾಗುತ್ತ ಹೋದಂತೆ ಒಂದು ಮಳೆಗಾಲ ಅದರ ನಡುವಿನ ಚಿಗುರಿಗೆ ಆಡಿನ ಬಾಯಿ ಎಟುಕದಾಯಿತು. ಆ ಒಂದು ಟೊಂಗೆ ನೆಟ್ಟಗೆ ಎದ್ದು ನಿಂತಿತು. ಬಗ್ಗಿ ನೋಡಿದರೆ ಮುಳ್ಳಿನ ಒಳಗೆ, ಒಂದು ಎಲೆಯೂ ಹರಿಯದಂತೆ, ಬೇವಿನ ಸಸಿ! ಹೊರಗೆ ಹುಟ್ಟಿದ್ದರೆ ಹುಣ್ಣಿಮೆಯಿಂದ ಅಮಾವಾಸ್ಯೆವರೆಗೂ ಉಳಿಯುತ್ತಿರಲಿಲ್ಲ. ಮೇಯುವ ಬಾಯಿ ಇರುವಲ್ಲಿ ಮುಳ್ಳುಕಂಟಿಯೇ ಮರಗಳ ತೊಟ್ಟಿಲು. ಅದನ್ನೇ ನಾವು ಹೊಲದ ಬೇಲಿಗೆಂದು ಕಡಿದು ತರುತ್ತೇವೆ. ಮುಂದೆ ಸಸಿ ಇಲ್ಲವಾದಾಗ ತಪ್ಪೆಲ್ಲ ಆಡಿನ ತಲೆಗೆ.

ಸಸಿ ಇಲ್ಲದಿರುವುದಕ್ಕೆ ಮೇಯಿಸುವುದೊಂದೇ ಕಾರಣವಲ್ಲ. ಬೇಸಿಗೆಯ ಬೆಂಕಿ ಇದೆ, ಕಟ್ಟಿಗೆ ಇದೆ, ಮಳೆ ಕೈಕೊಟ್ಟ ವರ್ಷಗಳಿವೆ. ಇವನ್ನು ಬೇರ್ಪಡಿಸಿ ನೋಡಲು ಸಸ್ಯವಿಜ್ಞಾನಿಗಳು ಬಳಸುವ ಸರಳ ಉಪಾಯ ಇದೆ. ಒಂದೇ ಮಣ್ಣು, ಒಂದೇ ಇಳಿಜಾರು ಇರುವಲ್ಲಿ ಅಕ್ಕಪಕ್ಕ ಎರಡು ತುಂಡು ಗುರುತಿಸಿ ಒಂದಕ್ಕೆ ಗಟ್ಟಿ ಬೇಲಿ ಹಾಕುವುದು, ಇನ್ನೊಂದನ್ನು ಹಾಗೇ ಬಿಡುವುದು. ತಾಂಡಾದ ಹತ್ತಿರ ಕೆಲವು ಜೋಡಿ, ದೂರ ಕೆಲವು ಜೋಡಿ. ವರ್ಷ ವರ್ಷವೂ ಅದೇ ಚೌಕಗಳಲ್ಲಿ ಹುಲ್ಲು ಹೂ ಬಿಡುವ ಕಾಲಕ್ಕೆ ಎಣಿಕೆ. ಏಪ್ರಿಲ್‌ನಲ್ಲಿ ಹೋಗಿ ಎಣಿಸಿದರೆ ಬರೀ ಕಲ್ಲು ಸಿಗುತ್ತವೆ. ಮರದ ಸಸಿಗಳನ್ನು ಮೊಣಕಾಲೆತ್ತರ, ಸೊಂಟದೆತ್ತರ, ಆಡಿನ ಬಾಯಿ ದಾಟಿದ ಎತ್ತರ ಎಂದು ಮೂರು ಸಾಲಿನಲ್ಲಿ ಬರೆದಿಡಬೇಕು. ಬೇಲಿಯೊಳಗೆ ನಡುವಿನ ಸಾಲು ತುಂಬಿ, ಹೊರಗೆ ಖಾಲಿ ಉಳಿದರೆ ಆಗ ಮೇಯಿಸುವುದೇ ಕಾರಣ ಎನ್ನೋಣ. ಎರಡೂ ಕಡೆ ಖಾಲಿ ಇದ್ದರೆ ಆಡು ಕಾಯುವವನನ್ನು ಹೊರಗೆ ಹಾಕಿ ಏನು ಸಾಧಿಸಿದಂತಾಯಿತು?

ಅಳೆಯದೆ ಬೀಗ ಹಾಕಿದ್ದಕ್ಕೆ ಉದಾಹರಣೆ ನಮ್ಮ ದೇಶದಲ್ಲೇ ಇದೆ. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ 1982ರಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಪ್ರತಿಭಟಿಸಿದ ಹಳ್ಳಿಗರು ಗೋಲಿಬಾರಿನಲ್ಲಿ ಸತ್ತರು. ಆಮೇಲೆ ಎಮ್ಮೆ ಮೇಯುತ್ತಿದ್ದ ನೀರುಹುಲ್ಲು ಕೆರೆಗಳನ್ನೇ ಮುಚ್ಚುವಂತೆ ಬೆಳೆಯಿತು, ನೀರುಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಅದನ್ನು ತೋರಿಸಿಕೊಟ್ಟದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ. ಭರತಪುರ ಜೌಗು ನೆಲ, ಚಿಂಚೋಳಿ ಒಣ ಗುಡ್ಡ. ಅಲ್ಲಿಯ ಫಲಿತಾಂಶ ತಂದು ಇಲ್ಲಿ ಆಡು ಬಿಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯದು ಇಲ್ಲಿಗೆ ಹೊಂದದು ಎಂದೇ ಇಲ್ಲಿಯದನ್ನು ಇಲ್ಲೇ ಅಳೆಯಬೇಕು.

ಕಾನೂನಿನಲ್ಲೂ ಅದಕ್ಕೆ ಜಾಗ ಇದೆ. ರಾಷ್ಟ್ರೀಯ ಉದ್ಯಾನದಲ್ಲಿ ಮೇಯಿಸುವುದು ಪೂರ್ತಿ ನಿಷಿದ್ಧ. ಆದರೆ ಚಿಂಚೋಳಿಯಂಥ ವನ್ಯಧಾಮದಲ್ಲಿ ಅದನ್ನು ನಿಯಂತ್ರಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನು ಸಮುದಾಯದ ಹಕ್ಕುಗಳ ಪಟ್ಟಿಯಲ್ಲಿಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ರಚಿಸಿ ಜನರ ಜೀವವೈವಿಧ್ಯ ದಾಖಲೆ ಇಡಬೇಕು. ಆ ದಾಖಲೆಯಲ್ಲಿ ತಾಂಡಾದ ಹೆಣ್ಣುಮಕ್ಕಳು, ಕುರುಬರು ಕರೆಯುವ ಹೆಸರಲ್ಲೇ ಹುಲ್ಲು, ಸೊಪ್ಪು ದಾಖಲಾಗಲಿ.

ಎಣಿಕೆ ಮುಗಿಯುವವರೆಗೆ ಅಡವಿಯನ್ನು ತೆರೆದೇ ಬಿಡಿ ಎಂಬುದು ನನ್ನ ಮಾತಲ್ಲ. ಸಸಿ ಮೊಳೆಯುವುದು, ಹುಲ್ಲು ಬೀಜ ಕಟ್ಟುವುದು ಎರಡೂ ಕಾರಹುಣ್ಣಿಮೆಯಿಂದ ಶೀಗಿ ಹುಣ್ಣಿಮೆಯ ನಡುವೆ. ಆ ನಾಲ್ಕು ತಿಂಗಳು ಅಡವಿಯ ಒಂದು ಭಾಗಕ್ಕೆ ಸರದಿಯಂತೆ ಬಿಡುವು ಕೊಡಬಹುದು. ಆ ಹೊತ್ತಿಗೆ ತೊಗರಿ ಹೊಟ್ಟು, ಜೋಳದ ಕಣಿಕೆ ತಾಂಡಾಗಳಿಗೆ ಕಡಿಮೆ ಬೆಲೆಗೆ ಸಿಗುವಂತೆ ಸರ್ಕಾರ ಮಾಡಬೇಕು. ತೊಗರಿ ಕಣಜ ಎನಿಸಿಕೊಂಡ ಜಿಲ್ಲೆಗೆ ಇದು ಭಾರವಲ್ಲ.

ಅರಣ್ಯ ಇಲಾಖೆ ಒಪ್ಪಿದರೆ ಈ ನಾಗರಪಂಚಮಿ ಮುಗಿದ ಮರುವಾರವೇ ಮೊದಲ ಚೌಕ ಹಾಕಬಹುದು. ನನ್ನ ಹಳೆಯ ವಿದ್ಯಾರ್ಥಿಗಳು ಬರಲು ಸಿದ್ಧರಿದ್ದಾರೆ, ಅವರಲ್ಲಿ ಇಬ್ಬರು ಈಗಲೂ ಆಡು ಕಾಯುತ್ತಾರೆ. ಹಗ್ಗ, ಗೂಟ ನಮ್ಮವೇ.

— ನಿವೃತ್ತ ವಿಜ್ಞಾನ ಶಿಕ್ಷಕ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ